ದೇವರ ಮಾತು ಕೇಳುವುದು: ದಿನಕ್ಕೊಂದು ಕೆಲಸದ ಲೆಕ್ಕದಲ್ಲಿ

‘ಹುಡುಗ ಯಾರ ಮಾತೂ ಕೇಳಲ್ಲ’ ಎಂದು ತಾಯಿ ದೂರಿದರೆ, ಅವನ ಕಿವಿ ಕೆಟ್ಟಿದೆಯೆಂದು ಯಾರೂ ಡಾಕ್ಟರ ಹತ್ತಿರ ಕರೆದೊಯ್ಯುವುದಿಲ್ಲ. ನಮ್ಮಲ್ಲಿ ಮಾತು ಕೇಳುವುದು ಎಂದರೆ ಹೇಳಿದಂತೆ ಮಾಡುವುದು. ಹಳೆಯ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲೂ ಹೀಗೆಯೇ. ‘ಶಮಾ’ ಎಂಬ ಒಂದೇ ಧಾತು ಆಲಿಸುವುದಕ್ಕೂ ಅದರಂತೆ ನಡೆಯುವುದಕ್ಕೂ ಸಲ್ಲುತ್ತದೆ. ಹೊಸ ಒಡಂಬಡಿಕೆಯ ಗ್ರೀಕಿನಲ್ಲಿ ವಿಧೇಯತೆಗೆ ಇರುವ ಪದವೂ ‘ಕೇಳು’ ಎಂಬ ಕ್ರಿಯಾಪದದಿಂದಲೇ ಬಂದದ್ದು. ವಿಧೇಯತೆ ಎಂದೊಡನೆ ತಲೆ ಬಗ್ಗಿಸಿ ನಿಂತ ಆಳಿನ ಚಿತ್ರ ಕಣ್ಣಿಗೆ ಬರುವವರು ಅದನ್ನು ಬದಿಗಿಟ್ಟು, ಮನೆಮಾತಿನ ‘ಮಾತು ಕೇಳು’ವಿನಿಂದಲೇ ಶುರು ಮಾಡಬಹುದು.

ಭಾನುವಾರ ಚರ್ಚಿನಲ್ಲಿ ಕೇಳಿದ ಪ್ರಸಂಗ ಮಂಗಳವಾರದ ಹೊತ್ತಿಗೆ ಆರಿಹೋಗುವುದಕ್ಕೆ ಸಾಮಾನ್ಯವಾಗಿ ಹಠ ಕಾರಣವಲ್ಲ. ‘ಪ್ರೀತಿಸಬೇಕು’, ‘ಕ್ಷಮಿಸಬೇಕು’, ‘ಪ್ರಾಮಾಣಿಕರಾಗಿರಬೇಕು’ ಎಂದು ಮನಸ್ಸು ಒಪ್ಪಿಕೊಂಡಿರುತ್ತದೆ. ಯಾರನ್ನು, ಯಾವತ್ತು, ಎಷ್ಟು ಎಂಬುದು ಮಾತ್ರ ಗೊತ್ತಾಗಿರುವುದಿಲ್ಲ. ಕೇಳಿದ ಮಾತನ್ನು ಹೆಸರು, ಹೊತ್ತು, ಮೊತ್ತ ಇರುವ ಒಂದು ಕೆಲಸಕ್ಕೆ ಇಳಿಸುವುದು ಹೇಗೆ ಎಂಬುದಷ್ಟೇ ಈ ಬರಹದ ವಿಷಯ.

ಅದಕ್ಕೆ ಮೊದಲು ಒಂದು ಕ್ರಮ ನೆನಪಿರಲಿ. ವಿಮೋಚನಕಾಂಡ 20ರಲ್ಲಿ ಹತ್ತು ಆಜ್ಞೆಗಳು ಆಜ್ಞೆಯಿಂದ ಆರಂಭವಾಗುವುದಿಲ್ಲ. ‘ನಿನ್ನನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿದವನು ನಾನು’ ಎಂಬ ಪರಿಚಯ ಮೊದಲು ಬರುತ್ತದೆ. ಬಿಡುಗಡೆ ಮುಂಚೆ, ಆಜ್ಞೆ ಆಮೇಲೆ. ಇದನ್ನು ತಿರುಗಿಸಿ, ‘ನಾನು ಸರಿಯಾಗಿ ನಡೆದರೆ ದೇವರು ನನ್ನನ್ನು ಪ್ರೀತಿಸುತ್ತಾರೆ’ ಎಂದು ಹೊರಟವರು ಎರಡು ವಾರದಲ್ಲಿ ಸೋತು ಕೈಬಿಡುತ್ತಾರೆ. ಕೈಬಿಡದಿದ್ದರೆ ಇನ್ನೂ ಕಷ್ಟ, ಅಂಥವರ ಜತೆ ಒಂದೇ ಮನೆಯಲ್ಲಿ ಬಾಳುವುದು ಸುಲಭವಲ್ಲ.

ಬೇಕಾದದ್ದು ಇಷ್ಟು

ನೂರು ಪುಟದ ಒಂದು ನೋಟ್‌ಬುಕ್, ಪೆನ್ನು, ಬೈಬಲ್. ಬೆಳಿಗ್ಗೆ 15 ನಿಮಿಷ, ರಾತ್ರಿ 10 ನಿಮಿಷ. ಫೋನಿನ ಬೈಬಲ್ ಆ್ಯಪ್ ತಪ್ಪೇನಲ್ಲ, ಆದರೆ ಮೂರನೆಯ ವಚನ ಓದುವಷ್ಟರಲ್ಲಿ ವಾಟ್ಸ್‌ಆ್ಯಪ್ ಸದ್ದು ಮಾಡುತ್ತದೆ. ಪುಟಕ್ಕೆ ಗೆರೆ ಹಾಕಿ ನಾಲ್ಕು ಕಲಂ ಮಾಡಿಕೊಳ್ಳಿ: ತಾರೀಕು, ಕೇಳಿದ ಮಾತು, ಮಾಡುವ ಕೆಲಸ, ಆಯಿತೇ.

ಯಾವ ಮಾತು?

ಕಣ್ಣು ಮುಚ್ಚಿ ಪುಟ ತೆರೆದು ಬೆರಳಿಟ್ಟ ವಚನವೇ ಇಂದಿನ ಆಜ್ಞೆ ಎನ್ನುವ ಪದ್ಧತಿ ಬೇಡ. ಹೊಸ ವರ್ಷದ ರಾತ್ರಿ ಸಭೆಯಲ್ಲಿ ಸಿಗುವ ವಾಗ್ದಾನದ ಕಾರ್ಡೂ ಈ ಕೆಲಸಕ್ಕೆ ಒದಗುವುದಿಲ್ಲ. ಅದರಲ್ಲಿ ‘ನಿನ್ನನ್ನು ಆಶೀರ್ವದಿಸುವೆನು’ ಇರುತ್ತದೆ, ‘ನಿನ್ನ ಸಾಲ ತೀರಿಸು’ ಇರುವುದಿಲ್ಲ!

ಆಜ್ಞೆಗಳು ಒತ್ತಾಗಿರುವ ಭಾಗವನ್ನು ಕ್ರಮವಾಗಿ ಓದಿ. ಮತ್ತಾಯ 5ರಿಂದ 7ರವರೆಗಿನ ಪರ್ವತ ಪ್ರಸಂಗ ಒಟ್ಟು 111 ವಚನ. ದಿನಕ್ಕೆ ನಾಲ್ಕರಂತೆ 28 ದಿನ ಹಿಡಿಯುತ್ತದೆ. ಮುಂದಿನ ತಿಂಗಳು ಯಾಕೋಬನ ಪತ್ರಿಕೆ: 108 ವಚನ, ಅದೇ ಲೆಕ್ಕದಲ್ಲಿ 27 ದಿನ. ನಾಲ್ಕು ವಚನವನ್ನು ಎರಡು ಸಲ ಓದಿ, ಎರಡನೆಯ ಸಲ ಬಾಯಿಬಿಟ್ಟು. ಮಾಡು, ಬಿಡು, ಹೋಗು, ಕೊಡು ಎಂಬಂಥ ಕ್ರಿಯಾಪದ ಎಲ್ಲಿದೆಯೋ ಅಲ್ಲಿ ಗೆರೆ ಎಳೆಯಿರಿ. ಕೆಲವು ದಿನ ಆಜ್ಞೆಯೇ ಇರುವುದಿಲ್ಲ, ಬರೀ ಸಾಂತ್ವನ ಇರುತ್ತದೆ. ಆ ದಿನ ಸ್ತೋತ್ರ ಹೇಳಿ ಪುಸ್ತಕ ಮುಚ್ಚಿ. ಇಲ್ಲದ ಆಜ್ಞೆಯನ್ನು ಹಿಂಡಿ ತೆಗೆಯಬೇಡಿ.

ಓದಿದ್ದು ನಿಮಗೇ ಹೇಳಿದ ಮಾತೋ ಎಂಬ ಅನುಮಾನ ಬಂದರೆ ಹೀಗೆ ನೋಡಿ. ಯಾರೋ ಒಬ್ಬನಿಗೆ ಒಂದು ಸಂದರ್ಭದಲ್ಲಿ ಕೊಟ್ಟ ಅಪ್ಪಣೆ ಎಲ್ಲರಿಗೂ ಅಲ್ಲ. ಅಬ್ರಹಾಮನಿಗೆ ಊರು ಬಿಡು ಎಂದದ್ದನ್ನು ಓದಿ ಕೆಲಸಕ್ಕೆ ರಾಜೀನಾಮೆ ಕೊಡಬೇಕಾಗಿಲ್ಲ. ಶಿಷ್ಯರೆಲ್ಲರಿಗೂ ಹೇಳಿದ್ದು, ಬೈಬಲಿನಲ್ಲಿ ಬೇರೆ ಬೇರೆ ಕಡೆ ಮತ್ತೆ ಮತ್ತೆ ಬರುವುದು, ದೇವರನ್ನೂ ನೆರೆಯವರನ್ನೂ ಪ್ರೀತಿಸುವುದಕ್ಕೆ ಹೊಂದುವುದು ನಿಮ್ಮ ಮಾತು. ನಿಜ ಹೇಳಬೇಕೆಂದರೆ ಬಹುಪಾಲು ದಿನ ಅನುಮಾನ ಅರ್ಥದ ಬಗ್ಗೆ ಇರುವುದೇ ಇಲ್ಲ. ಅರ್ಥ ಚೆನ್ನಾಗಿ ಆಗಿರುವುದೇ ತೊಂದರೆ.

ಮಾತಿನಿಂದ ಕೆಲಸಕ್ಕೆ

ಮೂರನೆಯ ಕಲಂನಲ್ಲಿ ಬರೆಯುವುದು ಒಂದೇ ಕೆಲಸ. ಅದನ್ನು 24 ಗಂಟೆಯೊಳಗೆ ಮಾಡಿ ಮುಗಿಸುವಂತಿರಬೇಕು, ಅಥವಾ ಮೊದಲ ಹೆಜ್ಜೆಯನ್ನಾದರೂ ಇಡುವಂತಿರಬೇಕು. ‘ತಾಳ್ಮೆಯಿಂದಿರುತ್ತೇನೆ’ ಎಂದು ಬರೆದರೆ ರಾತ್ರಿ ಆಯಿತೋ ಇಲ್ಲವೋ ಹೇಳುವುದು ಹೇಗೆ? ‘ಸಂಜೆ 7ಕ್ಕೆ ಮಗಳ ಲೆಕ್ಕ ನೋಡುವಾಗ ಒಂದು ಸಲವೂ ದಡ್ಡಿ ಎನ್ನುವುದಿಲ್ಲ’ ಎಂದು ಬರೆಯಿರಿ.

ಸ್ನಾನಿಕ ಯೋಹಾನನ ಬಳಿ ಜನ ಬಂದು ‘ನಾವೇನು ಮಾಡಬೇಕು’ ಎಂದು ಕೇಳಿದ್ದು ಲೂಕ 3ರಲ್ಲಿದೆ. ಅವನು ಉಪದೇಶ ಹೊಸೆಯಲಿಲ್ಲ, ಉದ್ಯೋಗ ನೋಡಿ ಉತ್ತರ ಕೊಟ್ಟ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದು ಕೊಡಲಿ. ಸುಂಕದವರು ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬಾರದು. ಸಿಪಾಯಿಗಳು ಜನರನ್ನು ಹೆದರಿಸಿ ಹಣ ಕೀಳಬಾರದು, ಬರುವ ಸಂಬಳದಲ್ಲಿ ತೃಪ್ತರಾಗಿರಬೇಕು. ನೋಟ್‌ಬುಕ್ಕಿನ ಮೂರನೆಯ ಕಲಂ ಈ ಧಾಟಿಯಲ್ಲಿರಬೇಕು.

ಹೆಚ್ಚು ಕಡಿಮೆ ತೂಗುವ ಎರಡು ಬಗೆಯ ಕಲ್ಲು ಇಟ್ಟುಕೊಳ್ಳಬೇಡ ಎಂಬ ಧರ್ಮೋಪದೇಶಕಾಂಡ 25ರ ಮಾತು ಸಿಹಿತಿಂಡಿ ಅಂಗಡಿಯವರಿಗೆ ಇಂದು ಎಲ್ಲಿ ತಗಲುತ್ತದೆ? ಎಲೆಕ್ಟ್ರಾನಿಕ್ ತಕ್ಕಡಿಯ ‘ಟೇರ್’ ಗುಂಡಿಯಲ್ಲಿ. ಖಾಲಿ ರಟ್ಟಿನ ಡಬ್ಬಿ ಇಟ್ಟು, ಗುಂಡಿ ಒತ್ತಿ, ಸೊನ್ನೆ ಬಂದ ಮೇಲೆ ಮೈಸೂರು ಪಾಕು ಹಾಕಬೇಕು. ಡಬ್ಬಿಯ ಸಮೇತ ತೂಗಿದರೆ ಗಿರಾಕಿ ರಟ್ಟಿಗೂ ತುಪ್ಪದ ಬೆಲೆ ತೆರುತ್ತಾನೆ. ಮನೆಗೆಲಸಕ್ಕೆ ಜನ ಇಟ್ಟುಕೊಂಡವರಿಗೆ ಅದೇ ಪುಸ್ತಕದ 24ನೆಯ ಅಧ್ಯಾಯ: ಕೂಲಿಯವನ ಕೂಲಿಯನ್ನು ಹೊತ್ತು ಮುಳುಗುವುದರೊಳಗೆ ಕೊಡು, ಅವನು ಅದನ್ನೇ ನೆಚ್ಚಿಕೊಂಡಿರುತ್ತಾನೆ. ತಿಂಗಳ ಸಂಬಳಕ್ಕೆ ಇದನ್ನು ಅನ್ವಯಿಸಿದರೆ 1ನೇ ತಾರೀಕು ಎಂದರೆ 1ನೇ ತಾರೀಕು. ‘ಚಿಲ್ಲರೆ ಇಲ್ಲ, ನಾಳೆ ಬಾ’ ಎಂಬ ಮಾತು ನಮಗೆ ಸಣ್ಣದು, ಅವರಿಗೆ ಆ ರಾತ್ರಿಯ ಅಕ್ಕಿ.

ಲಂಚದ ವಿಷಯದಲ್ಲಿ ಎಡವುವುದು ಬಹಳ ಸಲ ಕೌಂಟರಿನ ಮುಂದೆ ಅಲ್ಲ, ಎರಡು ತಿಂಗಳ ಹಿಂದೆ. ಕಾಲೇಜಿನ ಸೀಟಿಗೆ ಜಾತಿ-ಆದಾಯ ಪತ್ರ ನಾಳೆಯೇ ಬೇಕು ಎಂಬ ಸ್ಥಿತಿಯಲ್ಲಿ ನಿಂತವನಿಗೆ ಧೈರ್ಯ ಎಲ್ಲಿಂದ ಬರಬೇಕು? ಆದ್ದರಿಂದ ಇಲ್ಲಿ ಮಾತು ಕೇಳುವುದೆಂದರೆ ಮುಂಚೆಯೇ ಅರ್ಜಿ ಹಾಕುವುದು. ಕರ್ನಾಟಕದಲ್ಲಿ ಸರಕಾರಿ ಸೇವೆಗೆ ಗಡುವು ಹಾಕುವ 2011ರ ಸಕಾಲ ಕಾಯ್ದೆಯಡಿ ಬರುವ ಸೇವೆಗಳಿಗೆ ಅರ್ಜಿ ಕೊಟ್ಟಾಗ ಸ್ವೀಕೃತಿಯ ಜತೆ ಜಿಎಸ್‌ಸಿ ಸಂಖ್ಯೆ ಕೇಳಿ ಪಡೆಯಿರಿ. ಅರ್ಜಿ ಯಾರ ಮೇಜಿನ ಮೇಲಿದೆ, ಗಡುವು ಎಂದು ಎಂಬುದು ಅದರಿಂದ ತಿಳಿಯುತ್ತದೆ, ಗಡುವು ಮೀರಿದರೆ ಮೇಲ್ಮನವಿ ಹಾಕಬಹುದು. ಸೈಟು ಕೊಳ್ಳುವಾಗಲೂ ಹೀಗೆಯೇ. ಮಾರ್ಗಸೂಚಿ ದರಕ್ಕೆ ನೋಂದಣಿ, ಉಳಿದದ್ದು ನಗದು ಎಂಬ ಮಾತು ಬರುತ್ತದೆಂದು ಗೊತ್ತೇ ಇದೆ. ಪೂರ್ತಿ ಚೆಕ್ಕಿನಲ್ಲೇ ಕೊಡುತ್ತೇನೆ ಎಂದು ಮೊದಲ ಮಾತುಕತೆಯಲ್ಲೇ ಹೇಳಿ. ಕೆಲವು ವ್ಯವಹಾರ ಮುರಿದುಬೀಳುತ್ತವೆ. ಆ ನಷ್ಟವನ್ನು ಬಜೆಟ್ಟಿನಲ್ಲೇ ಸೇರಿಸಿಕೊಳ್ಳಿ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕಬೇಕೆಂದು ಯೇಸುಸ್ವಾಮಿ ಹೇಳಿದ್ದು ಶಿಷ್ಯರಾಗುವುದರ ಬಗ್ಗೆಯೇ (ಲೂಕ 14:28).

ಫಾರ್ವರ್ಡ್ ಮಾಡುವ ಸುದ್ದಿಗೂ ಒಂದು ಆಜ್ಞೆ ಇದೆ: ಸುಳ್ಳು ಸಾಕ್ಷಿ ಹೇಳಬೇಡ. ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥೋಡಿಸ್ಟ್ ಸಭೆಯವರ ಎಣಿಕೆಯಲ್ಲಿ ಇದು ಒಂಬತ್ತನೆಯದು, ಕಥೋಲಿಕರ ಮತ್ತು ಲೂಥರನ್ನರ ಎಣಿಕೆಯಲ್ಲಿ ಎಂಟನೆಯದು. ಸಂಖ್ಯೆ ಯಾವುದಾದರೇನು, ಖಾತ್ರಿಯಿಲ್ಲದ್ದನ್ನು ಮುಂದೆ ಕಳಿಸಬೇಡಿ. ಕಳಿಸಿದ್ದು ಸುಳ್ಳೆಂದು ತಿಳಿದರೆ ಅದೇ ಗ್ರೂಪಿನಲ್ಲಿ ತಪ್ಪಾಯಿತೆಂದು ಬರೆಯಿರಿ. ಸದ್ದಿಲ್ಲದೆ ಡಿಲೀಟ್ ಮಾಡಿದರೆ ಅರ್ಧವೇ ಆಯಿತು.

ಕಷ್ಟದ ಎರಡು ಕೆಲಸ: ಕ್ಷಮೆ ಕೇಳುವುದು, ತಿರುಗಿ ಕೊಡುವುದು

ಮತ್ತಾಯ 5:23-24ನ್ನು ನಿಧಾನವಾಗಿ ಓದಿ. ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತಿದ್ದೀರಿ. ಆಗ ನೆನಪಾಗುವುದು ‘ನನಗೆ ಸಹೋದರನ ಮೇಲೆ ಕೋಪವಿದೆ’ ಎಂದಲ್ಲ, ‘ಸಹೋದರನಿಗೆ ನನ್ನ ಮೇಲೆ ಏನೋ ಇದೆ’ ಎಂದು. ಹೋಗಬೇಕಾದವರು ನೀವು. ಕಾಣಿಕೆ ಅಲ್ಲೇ ಇರಲಿ, ವಾಪಸು ಬಂದು ಕೊಡಿ ಎಂಬುದು ಅಪ್ಪಣೆ.

ಆಸ್ತಿ ಪಾಲಿನಲ್ಲಿ ಮಾತು ಬಿಟ್ಟ ಅಣ್ಣ-ತಮ್ಮಂದಿರನ್ನು ತೆಗೆದುಕೊಳ್ಳಿ. ಮೊದಲ ಕೆಲಸ, ನಿಮ್ಮ ತಪ್ಪನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ಎರಡನೆಯದು, ಆಸ್ತಿಯ ಮಾತನ್ನೂ ಕ್ಷಮೆಯ ಮಾತನ್ನೂ ಬೇರೆ ಮಾಡುವುದು. ಪಾಲು ಸರಿಯೋ ತಪ್ಪೋ ಎಂಬುದು ಇನ್ನೊಂದು ದಿನದ್ದು. ಆಮೇಲೆ ಮನೆಗೆ ಹೋಗಿ, ಆಗದಿದ್ದರೆ ಫೋನ್ ಮಾಡಿ. ಮೆಸೇಜು ಬೇಡ, ಅದರಲ್ಲಿ ದನಿ ಇರುವುದಿಲ್ಲ. ಹೇಳುವುದು ಇಷ್ಟೇ:

“ಅಣ್ಣಾ, ಅಪ್ಪನ ಮಣ್ಣಿನ ದಿನ ಎಲ್ಲರೆದುರಿಗೆ ನಿನ್ನನ್ನ ಕಳ್ಳ ಅಂದುಬಿಟ್ಟೆ. ತಪ್ಪು ನನ್ನದು. ಕ್ಷಮಿಸು.”

ಅಷ್ಟು ಹೇಳಿ ಸುಮ್ಮನಾಗಬೇಕು. ಕೆಡುವುದು ಇದರ ಮುಂದೆಯೇ. ‘ಆದರೆ ನೀನೂ ಅವತ್ತು...’ ಎಂದು ನಾಲಿಗೆ ಹೊರಳುತ್ತದೆ. ಆ ‘ಆದರೆ’ ಬಂದ ಕೂಡಲೇ ಕ್ಷಮೆ ಕೇಳಿದ್ದು ಹೋಗಿ ಜಗಳದ ಎರಡನೆಯ ಕಂತು ಶುರುವಾಗುತ್ತದೆ. ‘ನಿನಗೆ ನೋವಾಗಿದ್ದರೆ ಕ್ಷಮಿಸು’ ಎಂಬುದೂ ಕ್ಷಮೆಯಲ್ಲ. ಆ ‘ದ್ದರೆ’ಯಲ್ಲಿ ತಪ್ಪು ಅವನ ಮನಸ್ಸಿಗೆ ವರ್ಗವಾಯಿತು. ಅವರು ಫೋನ್ ಕುಕ್ಕಿದರೆ ನಾಲ್ಕನೆಯ ಕಲಂನಲ್ಲಿ ‘ಆಯಿತು’ ಎಂದೇ ಬರೆಯಿರಿ. ‘ನಿಮ್ಮಿಂದಾಗುವ ಮಟ್ಟಿಗೆ’ ಸಮಾಧಾನದಿಂದಿರಿ ಎಂದು ರೋಮಾಪುರದವರಿಗೆ ಬರೆದ ಪತ್ರಿಕೆಯ 12:18ರಲ್ಲಿದೆ. ಆಚೆಯ ಮಟ್ಟ ನಿಮ್ಮದಲ್ಲ. ಎದುರಿನ ವ್ಯಕ್ತಿ ಕೈ ಮಾಡುವವನಾಗಿದ್ದರೆ ಒಬ್ಬರೇ ಹೋಗಬೇಡಿ. ನಿಮ್ಮನ್ನು ಹಿಂಸಿಸಿದವರ ಮನೆಗೆ ನೀವೇ ಕ್ಷಮೆ ಕೇಳಲು ಹೋಗಬೇಕೆಂದು ಈ ವಚನ ಹೇಳುವುದೂ ಇಲ್ಲ.

ತಿರುಗಿ ಕೊಡುವುದಕ್ಕೆ ಬೈಬಲಿನಲ್ಲೇ ಲೆಕ್ಕವಿದೆ. ಅರಣ್ಯಕಾಂಡ 5:7ರ ಪ್ರಕಾರ ಅಸಲು, ಅದರ ಮೇಲೆ ಐದನೆಯ ಒಂದು ಪಾಲು. ಚಿಕ್ಕಪ್ಪನ ಮಗನ ಹತ್ತಿರ ಮೂರು ವರ್ಷದ ಹಿಂದೆ ‘ಬರುವ ವಾರ ಕೊಡ್ತೀನಿ’ ಎಂದು ತಂದ 10,000 ರೂಪಾಯಿಗೆ 2,000 ಸೇರಿಸಿ 12,000. ಕ್ರೈಸ್ತರಿಗೆ ಈ ಐದನೆಯ ಪಾಲು ಕಾನೂನಲ್ಲ, ಆದರೆ ‘ಎಷ್ಟು ಕೊಟ್ಟರೆ ಸರಿ’ ಎಂದು ತಲೆ ಕೆಡಿಸಿಕೊಳ್ಳುವುದಕ್ಕಿಂತ ಒಳ್ಳೆಯ ಅಳತೆ. ಲೂಕ 19ರಲ್ಲಿ ಸುಂಕದವನಾದ ಜಕ್ಕಾಯ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆಂದ. ಅದು ಕುರಿ ಕದ್ದವನಿಗೆ ವಿಮೋಚನಕಾಂಡ 22 ವಿಧಿಸಿದ ದಂಡ, ಅವನು ತಾನಾಗಿಯೇ ಹಾಕಿಕೊಂಡ. ಒಟ್ಟಿಗೆ ಕೊಡಲಾಗದಿದ್ದರೆ ತಿಂಗಳಿಗೆ 2,000ದಂತೆ ಆರು ಕಂತು. ಮೊದಲ ಕಂತು ಕೈಯಲ್ಲಿ ಹಿಡಿದೇ ಮಾತಾಡಲು ಹೋಗಿ, ಬರಿಗೈಲಿ ಹೋದರೆ ಅದು ಇನ್ನೊಂದು ‘ಬರುವ ವಾರ’. ಕೊಡಬೇಕಾದವರು ತೀರಿಹೋಗಿದ್ದರೆ ಅವರ ಹೆಂಡತಿ ಮಕ್ಕಳಿಗೆ. ಹತ್ತಿರದ ಬಂಧು ಯಾರೂ ಇಲ್ಲದಿದ್ದರೆ ಅದು ದೇವರಿಗೆ ಸೇರಿ ಯಾಜಕನಿಗೆ ಸಲ್ಲಬೇಕೆಂದು ಮುಂದಿನ ವಚನದಲ್ಲೇ ಇದೆ. ಈಗ ಸಭೆಯ ಬಡವರ ನಿಧಿಗೆ ಹೆಸರಿಲ್ಲದೆ ಹಾಕಬಹುದು.

ಎಲ್ಲಿ ತಪ್ಪುತ್ತದೆ

ಅರ್ಧಂಬರ್ಧ ಮಾಡುವುದು. 1 ಸಮುವೇಲ 15ರಲ್ಲಿ ಅಮಾಲೇಕ್ಯರನ್ನೂ ಅವರ ದನಕುರಿಗಳನ್ನೂ ಉಳಿಸದೆ ನಾಶಮಾಡಬೇಕೆಂಬ ಅಪ್ಪಣೆ ಪಡೆದಿದ್ದ ಅರಸ ಸೌಲ ‘ಯೆಹೋವನ ಅಪ್ಪಣೆ ನೆರವೇರಿಸಿದ್ದೇನೆ’ ಎಂದು ಪ್ರವಾದಿ ಸಮುವೇಲನನ್ನು ಎದುರುಗೊಳ್ಳುತ್ತಾನೆ. ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು ಎನ್ನುತ್ತಾನೆ ಸಮುವೇಲ. ಆ ಯುದ್ಧದ ಅಪ್ಪಣೆಯೇ ಒಂದು ದೊಡ್ಡ ಚರ್ಚೆ, ಇಲ್ಲಿ ನೋಡಬೇಕಾದ್ದು ಸೌಲನ ನೆಪವನ್ನು: ಒಳ್ಳೊಳ್ಳೆಯ ಕುರಿಗಳನ್ನು ದೇವರಿಗೆ ಬಲಿ ಕೊಡಲೆಂದೇ ಉಳಿಸಿಕೊಂಡೆವು, ಉಳಿಸಿದ್ದು ಜನ. ಭಕ್ತಿಯ ಬಣ್ಣ ಬಳಿದ ನೆಪ ಹಿಡಿಯುವುದೇ ಕಷ್ಟ. ಯೇಸುಸ್ವಾಮಿ ‘ಕೊರ್ಬಾನ್’ ವಿಷಯದಲ್ಲಿ ಗದರಿಸಿದ್ದೂ ಇದನ್ನೇ (ಮಾರ್ಕ 7). ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲಿಟ್ಟೆ ಎಂದು ಹೇಳಿ ಜಾರಿಕೊಳ್ಳುತ್ತಿದ್ದರು. ದಶಮಾಂಶದ ಕವರು ತಪ್ಪದೆ ಹೋಗುತ್ತಿದೆ, ಊರಿನಲ್ಲಿರುವ ತಾಯಿಯ ಬಿಪಿ ಮಾತ್ರೆಗೆ ತಂಗಿ ಸಾಲ ಮಾಡುತ್ತಿದ್ದಾಳೆ ಎಂದಾದರೆ ಮೊದಲು ಮೆಡಿಕಲ್ ಶಾಪಿನ ಬಿಲ್ಲು ಕಟ್ಟಿ.

ಇನ್ನೊಂದು, ಹೊತ್ತು ಮೀರಿ ಮಾಡುವುದು. ಅರಣ್ಯಕಾಂಡ 14ರಲ್ಲಿ ಇಸ್ರಾಯೇಲರು ಕಾನಾನ್ ದೇಶಕ್ಕೆ ಹೋಗಿರೆಂದಾಗ ಹೋಗಲಿಲ್ಲ. ಮಾರನೆಯ ಬೆಳಿಗ್ಗೆ, ಹೋಗಬೇಡಿರೆಂದಾಗ, ಬೆಟ್ಟ ಹತ್ತಿ ಹೊರಟರು, ಹೊರ್ಮಾದವರೆಗೂ ಹೊಡೆಸಿಕೊಂಡರು. ಒಂದೇ ಕೆಲಸ ನಿನ್ನೆ ಮಾತು ಕೇಳಿದ್ದಾಗುತ್ತಿತ್ತು, ಇವತ್ತು ಹಠವಾಯಿತು. ಆಗಲೇ ಹೇಳಿದ 24 ಗಂಟೆಯ ಲೆಕ್ಕ ಇದಕ್ಕಾಗಿಯೇ. ಕಾಯುವುದೂ ಆಜ್ಞೆಯಾಗಿರುವ ಸಂದರ್ಭಗಳಿವೆ, ಆದರೆ ಕ್ಷಮೆ, ಸಾಲ, ಕೂಲಿ ಅವುಗಳಲ್ಲಿ ಇಲ್ಲ.

ಗೊಣಗುತ್ತ ಮಾಡುವುದರ ಬಗ್ಗೆ ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟ್ ತಮ್ಮ ಮಠದವರಿಗೆ ಬರೆದಿಟ್ಟ ನಿಯಮದಲ್ಲಿ ಬಹಳ ಕಟುವಾದ ಮಾತಿದೆ. ಕೈ ಮಾಡಿದರೂ ಮನಸ್ಸು ಗೊಣಗಿದರೆ ಅದು ಲೆಕ್ಕಕ್ಕಿಲ್ಲ ಎನ್ನುತ್ತಾರೆ. ನಾವು ಅಷ್ಟು ಬಿಗಿಯಾಗಬೇಕಿಲ್ಲ. ಮತ್ತಾಯ 21ರ ಸಾಮ್ಯದಲ್ಲಿ ‘ಹೋಗುವುದಿಲ್ಲ’ ಎಂದು ಆಮೇಲೆ ತೋಟಕ್ಕೆ ಹೋದ ಮಗನೇ ತಂದೆಯ ಚಿತ್ತದಂತೆ ಮಾಡಿದವನು, ‘ಹೋಗುತ್ತೇನಪ್ಪಾ’ ಎಂದು ಹೋಗದವನಲ್ಲ. ಮೊದಲ ದಿನಗಳಲ್ಲಿ ಗೊಣಗಿಕೊಂಡಾದರೂ ಹೋಗಿ.

ಯಾರ ಮಾತು ಕೇಳಬಾರದು

ಇದನ್ನು ಬಿಟ್ಟು ವಿಧೇಯತೆಯ ಮಾತಾಡಿದರೆ ಅಪಾಯ. ಐಗುಪ್ತದ ಸೂಲಗಿತ್ತಿಯರಾದ ಶಿಪ್ರಾ, ಪೂಗಾ ಅರಸನ ಅಪ್ಪಣೆ ಮೀರಿ ಗಂಡುಮಕ್ಕಳನ್ನು ಉಳಿಸಿದರು, ದೇವರು ಅವರಿಗೆ ಒಳ್ಳೆಯದನ್ನೇ ಮಾಡಿದರು. ‘ಮನುಷ್ಯರಿಗಿಂತ ದೇವರ ಮಾತು ಕೇಳಬೇಕು’ ಎಂದು ಪೇತ್ರನೂ ಅಪೊಸ್ತಲರೂ ಹೇಳಿದ್ದು ದೇವಾಲಯದ ಅಧಿಕಾರಿಗಳ ಮುಖಕ್ಕೇ (ಅಪೊಸ್ತಲರ ಕೃತ್ಯಗಳು 5:29). ತಂದೆತಾಯಿ, ಗಂಡ, ಅಯ್ಯನವರು (ಸಭೆಯ ಪಾದ್ರಿ), ಮೇಲಧಿಕಾರಿ, ಸರಕಾರ ಎಲ್ಲರ ಅಧಿಕಾರಕ್ಕೂ ಮೇರೆ ಇದೆ.

ಹೆಂಡತಿ ಗಂಡನಿಗೆ ಅಧೀನಳಾಗಿರಲಿ ಎನ್ನುವ, ಎಫೆಸದವರಿಗೆ ಬರೆದ ಪತ್ರಿಕೆಯ 5:22ನ್ನು ಹಿಡಿದು ಹೊಡೆತ ತಿನ್ನುವ ಹೆಣ್ಣುಮಗಳಿಗೆ ‘ಸಹಿಸಿಕೋ, ಇದೇ ವಿಧೇಯತೆ’ ಎನ್ನುವವರು ಅದರ ಹಿಂದಿನ ವಚನವನ್ನೂ ಮುಂದಿನ 25ನೆಯದನ್ನೂ ಓದಬೇಕು. ಒಬ್ಬರಿಗೊಬ್ಬರು ಅಧೀನರಾಗಿರಿ, ಕ್ರಿಸ್ತನು ಸಭೆಗಾಗಿ ಪ್ರಾಣ ಕೊಟ್ಟಂತೆ ಗಂಡ ಹೆಂಡತಿಯನ್ನು ಪ್ರೀತಿಸಲಿ ಎಂದಿದೆ. ಅಂಥ ಮನೆಯಿಂದ ಹೊರಬಂದು 181 ಮಹಿಳಾ ಸಹಾಯವಾಣಿಗೆ ಕರೆ ಮಾಡುವುದು ದೇವರಿಗೆ ಅವಿಧೇಯತೆಯಲ್ಲ.

‘ನಿನ್ನ ಬಗ್ಗೆ ದೇವರು ನನಗೆ ಹೇಳಿದ್ದಾರೆ’ ಎಂದು ಯಾರಾದರೂ ಬಂದರೆ ಅಪೊಸ್ತಲರ ಕೃತ್ಯಗಳು 17ರ ಬೆರೋಯ ಊರಿನವರನ್ನು ನೆನೆಯಿರಿ. ಅವರು ಪೌಲನ ಮಾತನ್ನೇ ಶಾಸ್ತ್ರ ತೆರೆದು ಪರೀಕ್ಷಿಸಿದರು, ಅದಕ್ಕಾಗಿ ಹೊಗಳಿಸಿಕೊಂಡರು. ಆ ‘ದೇವರ ಮಾತಿ’ನಲ್ಲಿ ಹಣ, ಗುಟ್ಟು, ಅವಸರ ಇವುಗಳಲ್ಲಿ ಯಾವುದಿದ್ದರೂ ಒಂದು ವಾರ ತಡೆಯಿರಿ, ಬೇರೆ ಇಬ್ಬರು ಹಿರಿಯರನ್ನು ಕೇಳಿ. ಸಕ್ಕರೆ ಕಾಯಿಲೆಯ ಇನ್ಸುಲಿನ್ನನ್ನಾಗಲಿ ಬಿಪಿ ಮಾತ್ರೆಯನ್ನಾಗಲಿ ನಂಬಿಕೆಯ ಹೆಸರಿನಲ್ಲಿ ನಿಲ್ಲಿಸಿ ಎಂದರೆ ಒಂದು ವಾರವೂ ಬೇಡ, ಅಲ್ಲೇ ಇಲ್ಲ ಎನ್ನಿ.

ರಾತ್ರಿಯ ಹತ್ತು ನಿಮಿಷ

ಹದಿನಾರನೆಯ ಶತಮಾನದಲ್ಲಿ ಲೊಯೋಲಾದ ಸಂತ ಇಗ್ನೇಷಿಯಸ್ ಕಲಿಸಿದ ಆತ್ಮಶೋಧನೆಯ ಐದು ಹೆಜ್ಜೆಗಳು ಯಾವ ಸಭೆಯವರಿಗೂ ಒದಗುತ್ತವೆ. ಕೃತಜ್ಞತೆ ಹೇಳುವುದು, ಬೆಳಕು ಬೇಡುವುದು, ದಿನವನ್ನು ಗಂಟೆಗಂಟೆಗೆ ನೆನೆಯುವುದು, ಕ್ಷಮೆ ಬೇಡುವುದು, ನಾಳೆಗೆ ಒಂದು ನಿರ್ಧಾರ. ಜನ ಮೊದಲನೆಯದನ್ನು ಹಾರಿಸಿ ಮೂರನೆಯದರಲ್ಲೇ ಮುಳುಗುತ್ತಾರೆ. ಹಾಗೆ ಮಾಡಿದರೆ ನಿದ್ದೆ ಕೆಡುತ್ತದೆ, ಬೇರೇನೂ ಆಗುವುದಿಲ್ಲ. ಕೃತಜ್ಞತೆಗೇ ಎರಡು ನಿಮಿಷ ಕೊಡಿ, ಇವತ್ತಿನ ಮೂರು ಸಂಗತಿ ಹೆಸರಿಸಿ, ಆಮೇಲೆ ಮುಂದೆ ಹೋಗಿ.

ಒಂದೇ ತಪ್ಪನ್ನು ದಿನಕ್ಕೆ ಹತ್ತು ಸಲ ಅರಿಕೆ ಮಾಡಿಕೊಂಡರೂ ಹೆದರಿಕೆ ಹೋಗದೆ, ಪ್ರಾರ್ಥನೆಯ ಪದ ತಪ್ಪಿತೆಂದು ಮತ್ತೆ ಮೊದಲಿಂದ ಶುರು ಮಾಡುವಂತಾಗಿದ್ದರೆ ನೋಟ್‌ಬುಕ್ಕನ್ನು ಸದ್ಯಕ್ಕೆ ಮುಚ್ಚಿಡಿ. ಅದು ಅವಿಧೇಯತೆಯಲ್ಲ, ಚಿಕಿತ್ಸೆ ಇರುವ ತೊಂದರೆ ಇರಬಹುದು. ಅಯ್ಯನವರಿಗೂ ಹೇಳಿ, ಮನೋವೈದ್ಯರನ್ನೂ ಕಾಣಿ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.

ವಾರಕ್ಕೊಮ್ಮೆ ಪುಟವನ್ನು ಇನ್ನೊಬ್ಬರಿಗೆ ತೋರಿಸಿ. ಕಥೋಲಿಕರಿಗೆ ಪಾಪನಿವೇದನೆಯ ಸಂಸ್ಕಾರ ಇದ್ದೇ ಇದೆ. ಉಳಿದವರು ಯಾಕೋಬ 5:16ರಂತೆ ನಂಬಿಕೆಯ ಒಬ್ಬರನ್ನು ಗೊತ್ತುಮಾಡಿಕೊಳ್ಳಿ. ಗಂಡಸರಿಗೆ ಗಂಡಸು, ಹೆಂಗಸರಿಗೆ ಹೆಂಗಸು ಮೇಲು. ತೋರಿಸುವುದು ಆಗದ ಸಾಲುಗಳನ್ನು. ಆದ ಸಾಲುಗಳನ್ನು ತೋರಿಸಿಕೊಳ್ಳುವ ಚಪಲ ಬಂದರೆ ಲೂಕ 18ರಲ್ಲಿ ಪ್ರಾರ್ಥನೆಯಲ್ಲೇ ತನ್ನನ್ನು ಹೊಗಳಿಕೊಂಡ ಫರಿಸಾಯನ ಪಟ್ಟಿ ಓದಿ: ವಾರಕ್ಕೆರಡು ಉಪವಾಸ, ಸಂಪಾದನೆಯಲ್ಲೆಲ್ಲಾ ಹತ್ತರಲ್ಲೊಂದು. ಪಟ್ಟಿ ಸುಳ್ಳಾಗಿರಲಿಲ್ಲ.

ನಡುವೆ ನಾಲ್ಕು ದಿನ ತಪ್ಪಿದರೆ ಹಿಂದಿನದನ್ನು ತುಂಬಿಸಲು ಕೂರಬೇಡಿ, ಇವತ್ತಿನ ತಾರೀಕು ಹಾಕಿ ಮುಂದಿನ ನಾಲ್ಕು ವಚನ ಓದಿ. ತಿಂಗಳ ಕೊನೆಗೆ ಪುಟ ತಿರುವಿದಾಗ ಒಂದೇ ಹೆಸರು, ಒಂದೇ ಮೊತ್ತ ಮೂರು ನಾಲ್ಕು ಕಡೆ ‘ಇಲ್ಲ’ ಎಂದು ಕಾಣಿಸುತ್ತದೆ. ಎಲ್ಲರ ನೋಟ್‌ಬುಕ್ಕಿನಲ್ಲೂ ಅಂಥ ಒಂದು ಸಾಲು ಇರುತ್ತದೆ. ಮುಂದಿನ ತಿಂಗಳ ಹೊಸ ಓದು ಶುರು ಮಾಡುವ ಮೊದಲು ಮೊದಲ ಪುಟದಲ್ಲಿ ಅದೊಂದನ್ನೇ ಬರೆದು, ಎದುರಿಗೆ ನಾಳೆಯ ತಾರೀಕು ಹಾಕಿ.